ಬೆರಳಿನ ಬೆಲ್ಲ

ಮಾಯಸಂದ್ರದ ಪಕ್ಕದ ತೋಟದ ಮನೆಯಲ್ಲಿ ಗುರುಸಿದ್ದಮ್ಮನಿಗೆ ಅಟ್ಟದಿಂದ ಸದ್ದು ಕೇಳತೊಡಗಿದ್ದು ಇನ್ಸುಲಿನ್ ಜಾಸ್ತಿ ಮಾಡಿದ ಮೇಲೆ. ರಾತ್ರಿ ಉಂಡು ಕೈ ತೊಳೆದು ಕೂತರೆ ಸಾಕು, ತಲೆಯ ಮೇಲೆ ಯಾರೋ ತೆಂಗಿನಕಾಯಿ ಅಲ್ಲಾಡಿಸುತ್ತಿದ್ದರು. ಲೊಟಕ್. ಸ್ವಲ್ಪ ತಡೆದು ಇನ್ನೊಂದು ಕಾಯಿ. ಲೊಟಕ್.

ಅವಳ ಗಂಡ ಮರುಳಸಿದ್ದಯ್ಯನವರು ಹಾಗೆಯೇ ಮಾಡುತ್ತಿದ್ದರು. ಅಟ್ಟದಲ್ಲಿ ವರ್ಷಗಟ್ಟಲೆ ಒಣಗಲು ಬಿಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಈಗ ಅವರು ತೀರಿಕೊಂಡು ತೋಟದ ಮೂಲೆಯ ಗದ್ದುಗೆ ಸೇರಿ ಎರಡು ಬೇಸಿಗೆ ಕಳೆದಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಸರಿಯಾಗಿಯೇ ಇರುತ್ತಿತ್ತು. ಸಂಜೆ ಮಾತ್ರ ಮಿಷನ್ನು ಮುನ್ನೂರು ದಾಟುತ್ತಿತ್ತು. ಸೊಸೆ ದಾನೇಶ್ವರಿ ಫೋನಿನಲ್ಲಿ ಹೇಳಿದ್ದಕ್ಕೆ ಡಾಕ್ಟರು ಎರಡು ಸಲ ರಾತ್ರಿಯ ಇನ್ಸುಲಿನ್ ಏರಿಸಿದ್ದರು. ಏರಿಸಿದಷ್ಟೂ ಅಟ್ಟದ ಸದ್ದು ಹತ್ತಿರ ಬಂತು. ಕೊನೆಗೆ ಮಾತೂ ಬಂತು.

"ಸಿದ್ದೀ, ಏಣಿ ಹತ್ತಿ ಬಾ. ಕಾಯಿ ಒಣಗವೆ."

ಗುರುಸಿದ್ದಮ್ಮನಿಗೆ ಹೆದರಿಕೆ ಆಗಲಿಲ್ಲ. ಮೈಯೆಲ್ಲ ತಣ್ಣಗೆ ಬೆವರಿತ್ತು, ದೀಪದ ಸುತ್ತ ಹೊಗೆ ಕಟ್ಟಿದ ಹಾಗಿತ್ತು. ಏಣಿ ಹತ್ತಿದಳು. ಮೇಲಿನ ಕತ್ತಲಲ್ಲಿ ಬಿಳಿ ಪಂಚೆ ಕಂಡಿತು.

"ಅತ್ತೇ! ಯಾರ ಜೊತೆ ಮಾತಾಡ್ತಿದ್ದೀರಾ?" ದಾನೇಶ್ವರಿ ಕೆಳಗಿನಿಂದ ಅವಳ ಸೊಂಟ ಹಿಡಿದಳು.

"ಇನ್ಯಾರೇ, ನಿಮ್ಮಾವ ಕಣೇ. ಬುಡು, ಬತ್ತೀನಿ ಅಂದಿವ್ನಿ."

ಸೊಸೆ ಬಿಡಲಿಲ್ಲ. ಹೆಚ್ಚುಕಮ್ಮಿ ಎತ್ತಿಯೇ ಇಳಿಸಿ ಕೂರಿಸಿ ಬೆರಳು ಚುಚ್ಚಿದಳು. ಮಿಷನ್ನು ನಲವತ್ತಾರು ತೋರಿಸಿತು. ದಾನೇಶ್ವರಿ ಬೆಚ್ಚಿಬಿದ್ದು ಲೋಟಕ್ಕೆ ಸಕ್ಕರೆ ಸುರಿದು ನೀರು ಕಲಸಿ ಕುಡಿಸಿದಳು. ಲೋಟ ಖಾಲಿಯಾಗಿ ಒಂದಷ್ಟು ಹೊತ್ತಿಗೆ ಅಟ್ಟದ ಸದ್ದು ನಿಂತಿತು. ಮಾತಿನ ನಡುವೆ ಯಾರೋ ಬಾಯಿ ಮುಚ್ಚಿದ ಹಾಗೆ.

"ಊಟಕ್ಕೆ ಮುಂಚೆ ಮುನ್ನೂರ ಹನ್ನೆರಡು, ಈಗ ನಲವತ್ತಾರು. ಮಿಷನ್ನಿಗೆ ದೆವ್ವ ಹಿಡಿದೈತಾ?" ಎಂದಳು ಸೊಸೆ.

ಮಾರನೆಯ ಸಂಜೆ ಅವಳು ಅತ್ತೆಯ ಹಿಂದೆಯೇ ಗದ್ದುಗೆಯವರೆಗೂ ಹೋದಳು. ಗುರುಸಿದ್ದಮ್ಮ ದೀಪ ಹಚ್ಚಿ, ಅಚ್ಚುಬೆಲ್ಲವನ್ನು ಎರಡೂ ಕೈಯಲ್ಲಿ ಮುರಿದು, ಕೊಬ್ಬರಿ ಚೂರಿನ ಜೊತೆ ಗಂಡನ ಮುಂದೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮನೆಗೆ ಬಂದು ಮಿಷನ್ನು ತೆಗೆದಳು. ದಿನವೂ ಮಾಡುತ್ತಿದ್ದುದು ಇಷ್ಟೇ.

"ತಡೀರಿ ಅತ್ತೆ." ಸೊಸೆ ಅವಳ ಎಡಗೈಯನ್ನು ಮಾತ್ರ ಸೋಪು ಹಾಕಿ ತೊಳೆದು ಒರೆಸಿದಳು. ಬಲಗೈ ಬೆರಳು ಚುಚ್ಚಿದರೆ ಮುನ್ನೂರ ನಾಲ್ಕು. ಎಡಗೈ ಬೆರಳು ಚುಚ್ಚಿದರೆ ನೂರ ಇಪ್ಪತ್ತೆಂಟು.

"ರಕ್ತದಲ್ಲಿ ಅಲ್ಲ ಅತ್ತೆ, ಬೆರಳಲ್ಲಿ ಬೆಲ್ಲ! ಮಾವ ತಿಂದಿದ್ದನ್ನೂ ನಿಮ್ಮ ಲೆಕ್ಕಕ್ಕೇ ಬರೀತಿತ್ತು ಈ ಮಿಷನ್ನು. ಅದನ್ನ ನಂಬಿ ಇನ್ಸುಲಿನ್ ಏರಿಸಿ, ಇದ್ದ ಸಕ್ಕರೆನೂ ಇಳಿಸಿಬಿಟ್ವಿ."

ಗುರುಸಿದ್ದಮ್ಮ ನಗಲಿಲ್ಲ. ಡಾಕ್ಟರಿಗೆ ಆಗಲೇ ಫೋನು ಹೋಯಿತು, ಇನ್ಸುಲಿನ್ ಇಳಿಯಿತು. ಆಮೇಲೆ ರಾತ್ರಿಗಳಲ್ಲಿ ಅಟ್ಟ ಸುಮ್ಮನಿತ್ತು. ಅವಳು ಉಂಡು ಕೂತು, ಕಿವಿ ಮೇಲಕ್ಕೆ ಕೊಟ್ಟು, ಬಹಳ ಹೊತ್ತು ಕಾಯುತ್ತಿದ್ದಳು.

ಒಂದು ಸಂಜೆ ಗದ್ದುಗೆಯಿಂದ ಬಂದವಳು ಕೈ ತೊಳೆಯದೆ ಮಿಷನ್ನಿನ ಮುಂದೆ ಕೂತಳು. ಬೆರಳ ತುದಿ ಅಂಟಂಟಾಗಿತ್ತು. ಹೀಗೇ ಚುಚ್ಚಿದರೆ ನಂಬರು ಏರುತ್ತದೆ, ಡಾಕ್ಟರು ಇನ್ಸುಲಿನ್ ಏರಿಸುತ್ತಾರೆ, ಅವರು ಬರುತ್ತಾರೆ. ಇಷ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೂಜಿ ಹಿಡಿದ ಕೈ ಹಾಗೆಯೇ ನಿಂತಿತು.

ದಾನೇಶ್ವರಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಇತ್ತ ನೋಡಿರಲಿಲ್ಲ.

"ದಾನೇಶೀ."

"ಏನತ್ತೆ?"

"ಒಂದು ಚೊಂಬು ನೀರು ತಾರವ್ವ, ಸೋಪೂ ತಾ. ಆಮೇಲೆ ಆ ಏಣಿ ಎತ್ತಿ ಕೊಟ್ಟಿಗೆಗೆ ಹಾಕ್ಬುಡು."

"ಕೊಬ್ರಿ ಇಳಿಸೋಕೆ ಬೇಕಲ್ಲ ಅತ್ತೆ?"

"ಇಳಿಸೋ ದಿವ್ಸ ತಂದ್ರಾಯ್ತು. ನಿಮ್ಮಾವ ಇನ್ನೊಂದ್ಸಲ ಕರುದ್ರೆ ನಾನು ಇಲ್ಲ ಅನ್ನಾಕಿಲ್ಲ ಕಣೇ."