ನಿದ್ದೆಯಲ್ಲಿ ಓಡುತ್ತಿದ್ದ ಬಸ್ಸು

ಗಂಡ ಮಂಚದಿಂದ ತಳ್ಳಿದರೆ ನಗುವ ಹೆಂಗಸರು ಎಷ್ಟು ಜನ ಇದ್ದಾರೋ ಕಾಣೆ, ನಾನಂತೂ ನಕ್ಕಿದ್ದೇನೆ. ನಮ್ಮವರು ಶ್ರೀನಿವಾಸಪುರದಿಂದ ಕೋಲಾರಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಮಂಡಿ ನೋವೆಂದು ಕೆಲಸ ಬಿಟ್ಟರು. ಬಿಟ್ಟವರು ಮನೆಯಲ್ಲಿ ರಾತ್ರಿ ಪಾಳಿ ಶುರುಮಾಡಿದರು. ನಿದ್ದೆಯಲ್ಲೇ ಎದ್ದು ಕೂತು, ಗೋಡೆಗೆ ಎರಡು ಬಡಿದು, "ರೈಟ್ ರೈಟ್!" ಎನ್ನುವರು. ಆಮೇಲೆ ನನ್ನ ಬೆನ್ನಿಗೆ ಕೈಯಿಟ್ಟು, "ಜರುಗಮ್ಮಾ, ಜರುಗು! ಮುಂದೆ ಅಷ್ಟು ಖಾಲಿ ಬಿಟ್ಕೊಂಡು ಬಾಗಿಲಲ್ಲೇ ನಿಂತ್ರೆ ಹೆಂಗೆ?" ನನ್ನ ಮುಂದೆ ಖಾಲಿ ಇದ್ದದ್ದು ನೆಲವೊಂದೇ. ಮಂಚದ ಪಟ್ಟಿ ಹಿಡಿದುಕೊಂಡು, ಜರುಗುವುದಿಲ್ಲ ಎಂದು ಹಟ ಹೂಡುತ್ತಿದ್ದೆ.

ಹಗಲಿನ ಮನುಷ್ಯನೇ ಬೇರೆ. ಬೀದಿಯ ಆ ತುದಿಗೆ ಕೇಳುತ್ತಿದ್ದ ಗಂಟಲಿನವರು, ಕಾಫಿ ಬೇಕೇ ಎಂದರೆ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದರು. ಹಳೆಯ ಡ್ರೈವರು ಮಾತಾಡಿಸಲು ಬಂದರೆ ಗೋಡೆ ಕಡೆ ತಿರುಗಿ ಮಲಗುವರು. ಊರಿಗೆ ಊರೇ ಮಾವಿನ ಹಣ್ಣಿನ ವಾಸನೆಯಲ್ಲಿ ಮುಳುಗಿದ್ದಾಗ, ಬಾದಾಮಿ ಮಾವನ್ನು ಮೂಗಿನ ಹತ್ತಿರ ಹಿಡಿದರೂ ಅವರಿಗೆ ಏನೂ ಗೊತ್ತಾಗಲಿಲ್ಲ. ಕೆಲಸ ಬಿಟ್ಟ ಬೇಜಾರು ಅಂದುಕೊಂಡೆ. ನಾನು ಮದುವೆಯಾದ ಗಂಡ ಕನಸಿನಲ್ಲಿ ಮಾತ್ರ ಸಿಗುತ್ತಿದ್ದರು, ಅದೂ ಅವರ ಕನಸಿನಲ್ಲಿ. ನನ್ನ ನಗುವಿಗೆ ಅದೇ ಕಾರಣ.

ಎಚ್ಚರ, ಕನಸು, ಗಾಢನಿದ್ದೆ ಎಂದು ಹಿರಿಯರು ಮೂರು ಅವಸ್ಥೆ ಹೇಳುತ್ತಾರಲ್ಲ, ಅವನ್ನು ಮೂರು ಸ್ಟಾಪು ಅಂದುಕೊಳ್ಳಿ. ಕನಸಿನ ಸ್ಟಾಪಿನಲ್ಲಿ ನಮ್ಮ ನಿಮ್ಮ ಎಂಜಿನ್ ಎಷ್ಟೇ ಗುಡುಗಲಿ, ಕೈಕಾಲೆಂಬ ಚಕ್ರ ಉರುಳುವುದಿಲ್ಲ. ಇವರದು ಉರುಳುತ್ತಿತ್ತು. ಅಡುಗೆಮನೆಯಲ್ಲಿ ಹುಟ್ಟಿದ ಈ ವೇದಾಂತವನ್ನೇ ಆಮೇಲೆ ಡಾಕ್ಟರೂ ಹೇಳಿದಾಗ ನನಗೆ ಕೋಡು ಮೂಡಿದ್ದು ನಿಜ.

ಡಾಕ್ಟರ ತನಕ ಹೋಗಬೇಕಾಗಿ ಬಂದದ್ದು ನನ್ನ ಕೆನ್ನೆಯಿಂದ. ಕನಸಿನಲ್ಲಿ ಯಾರೋ ಟಿಕೆಟ್ ತೆಗೆದುಕೊಳ್ಳದೆ ಜಗಳಕ್ಕೆ ನಿಂತಿದ್ದನಂತೆ. ಅವನಿಗೆ ಬೀಳಬೇಕಾದ ಮೊಣಕೈ ನನಗೆ ಬಿತ್ತು. ಬೆಳಿಗ್ಗೆ ಹಾಲಿನವಳು ಊದಿದ ಕೆನ್ನೆ ನೋಡಿ, "ಏನಕ್ಕಾ, ಅಣ್ಣ ಹೊಡೆದ್ರಾ?" ಎಂದಳು.

"ನಿಮ್ಮಣ್ಣ ಅಲ್ಲ ಕಣೇ, ಕಂಡಕ್ಟರು" ಎಂದು ತಮಾಷೆ ಮಾಡಿದೆ.

ಒಳಗಿದ್ದ ಇವರಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಅಂದು ದೀಪ ಆರಿಸುವ ಹೊತ್ತಿಗೆ ನೋಡಿದರೆ, ನೆಲದ ಮೇಲೆ ಚಾಪೆ ಹಾಸಿಕೊಂಡು, ತಮ್ಮ ಕೈಯನ್ನು ಟವೆಲ್ಲಿನಿಂದ ಕಿಟಕಿ ಸರಳಿಗೆ ಕಟ್ಟಿಕೊಳ್ಳುತ್ತಿದ್ದರು. ಒಂದೇ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ.

"ಇದೊಂದು ಕಟ್ಟಿಕೊಡೇ" ಎಂದರು. "ನಿನ್ನ ಮೇಲೆ ಯಾವತ್ತಾದ್ರೂ ಕೈ ಎತ್ತಿದ್ದೀನಾ ನಾನು?"

ಆಗ ನನಗೆ ನಗು ಬರಲಿಲ್ಲ. ಟವೆಲ್ ಬಿಚ್ಚಿ, ಆ ಕೈಯನ್ನು ಹಿಡಿದುಕೊಂಡು ಅತ್ತೆ.

ಮಾರನೆಯ ದಿನವೇ ಕೋಲಾರಕ್ಕೆ ಕರೆದೊಯ್ದೆ. "ಕನಸು ಬೀಳೋವಾಗ ಮೆದುಳು ಕೈಕಾಲಿಗೆ ಅಗುಳಿ ಹಾಕುತ್ತಮ್ಮ. ಇವರಿಗೆ ಆ ಅಗುಳಿ ಸಡಿಲ ಆಗಿದೆ" ಎಂದರು ಡಾಕ್ಟರು. ಆಮೇಲೆ ಇವರ ಕಡೆ ತಿರುಗಿ, "ಮನಸ್ಸು ಹೇಗಿದೆ?" ಎಂದು ಕೇಳಿದರು. ಅಷ್ಟು ದಿನ ನನಗೂ ಹೊಳೆಯದೆ ಹೋದ ಪ್ರಶ್ನೆ ಅದು.

"ಏನೂ ಬೇಕು ಅನ್ಸಲ್ಲ ಸಾರ್" ಎಂದರು ಇವರು.

ಅದು ಸೋಮಾರಿತನವೂ ಅಲ್ಲ, ಸಿಡುಕೂ ಅಲ್ಲವಂತೆ. ಅಗುಳಿ ಸಡಿಲಿಸುವ ಮೆದುಳಿನ ಬದಲಾವಣೆಯೇ ಎಷ್ಟೋ ಜನರಲ್ಲಿ ಮನಸ್ಸನ್ನೂ ಕುಗ್ಗಿಸುತ್ತದೆ, ಮೂಗನ್ನೂ ಮಂದ ಮಾಡುತ್ತದೆ. ಮುಂದೆ ಕೈ ನಡುಗಲೂಬಹುದು, ತೋರಿಸುತ್ತಿರಿ ಎಂದು ಹೇಳಿ, ನಿದ್ದೆಗೊಂದು ಮನಸ್ಸಿಗೊಂದು ಮಾತ್ರೆ ಬರೆದುಕೊಟ್ಟರು.

ನಿದ್ದೆಯ ಬಸ್ಸು ನಿಂತಿತು. ಕೆನ್ನೆ ವಾಸಿಯಾಯಿತು. ಆದರೆ ನಿಶ್ಶಬ್ದವಾದ ಆ ಮಂಚದಲ್ಲಿ ನನಗೆ ಭಯವಾಗುತ್ತಿತ್ತು. ಹಗಲು ಮಾತಿಲ್ಲ, ಈಗ ರಾತ್ರಿಯೂ ಇಲ್ಲ. ಇನ್ನು ಈ ಮನುಷ್ಯನನ್ನು ಎಲ್ಲಿ ಹುಡುಕಲಿ?

ಕೆಲವು ತಿಂಗಳ ಮೇಲೆ ಮತ್ತೆ ಕೋಲಾರಕ್ಕೆ ತೋರಿಸಲು ಹೊರಟೆವು. ಬಸ್ಸಿನ ಬಾಗಿಲಲ್ಲೇ ಜನ ಗಿಜಿಗುಡುತ್ತಿದ್ದರು. ನಾನೂ ಹತ್ತಿ, ಚೀಲ ಅವುಚಿಕೊಂಡು ಅಲ್ಲೇ ನಿಂತೆ. ಹಿಂದಿನಿಂದ ಇಡೀ ಬಸ್ಸಿಗೆ ಕೇಳುವ ಹಾಗೆ, "ಜರುಗಮ್ಮಾ, ಜರುಗು! ಮುಂದೆ ಅಷ್ಟು ಖಾಲಿ ಬಿಟ್ಕೊಂಡು ಬಾಗಿಲಲ್ಲೇ ನಿಂತ್ರೆ ಹೆಂಗೆ?"

ತಿರುಗಿ ನೋಡಿದೆ. ಇವರೇ. ಕಣ್ಣು ಪೂರಾ ತೆರೆದಿತ್ತು.

ಅಷ್ಟೇ. ಸೀಟು ಸಿಕ್ಕ ಮೇಲೆ ಕೋಲಾರ ಬರುವ ತನಕ ಮತ್ತೆ ಮಾತಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಮಂಚದ ಪಟ್ಟಿ ಹಿಡಿದು ಹಟ ಹೂಡುತ್ತಿದ್ದವಳು, ಅಂದು ಒಂದೇ ಮಾತಿಗೆ ಜರುಗಿದ್ದೆ.