ಶಿಲಾಯುಗದ ಊಟ, ಅವ್ವನ ಬಟ್ಟಲು

ಕಳೆದ ಶುಕ್ರವಾರ ಸಂಜೆ ನಮ್ಮವ್ವ ಸೆರಗಿನಡಿ ಒಂದು ಬಟ್ಟಲು ಮರೆಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ನಡೆದಳು. ಎಪ್ಪತ್ತು ದಾಟಿದ ಹೆಂಗಸು ತನ್ನ ಮನೆಯಲ್ಲೇ ಕಳ್ಳಹೆಜ್ಜೆ ಇಡುವುದೆಂದರೇನು?

"ಎಲ್ಲಿಗವ್ವ?" ಎಂದೆ.

"ಇಂಗೇ ಕಣ್ಲಾ, ಜಯಮ್ಮನ ಮನೆಗೆ."

ಜಯಮ್ಮ ನಮ್ಮ ಪಕ್ಕದ ಮನೆಯವಳು. ಅವ್ವ ಗುರುವಾರವೂ ಹೋಗಿದ್ದಳಂತೆ. ಬುಧವಾರವೂ. ದಿನಾ ಬಟ್ಟಲು ಯಾಕೆ? ಅದನ್ನು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಯ ಕಥೆ ಹೇಳಬೇಕು.

ಮೂರು ವಾರದ ಹಿಂದೆ ಶ್ರೀರಂಗಪಟ್ಟಣದ ಡಾಕ್ಟರು ನನ್ನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿ, ಹತ್ತು ಕಿಲೋ ಇಳಿಸದಿದ್ದರೆ ಸಕ್ಕರೆ ಕಾಯಿಲೆ ಗ್ಯಾರಂಟಿ ಎಂದರು. ಅಪ್ಪ ಹೋದದ್ದೂ ಅದರಿಂದಲೇ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಅಲ್ಲೇ ಬೆಂಚಿನ ಮೇಲೆ ಬಿದ್ದಿದ್ದ ಹಳೆಯ ಇಂಗ್ಲಿಷ್ ಮ್ಯಾಗಝೀನ್ ತಿರುವಿದೆ. ಬೇಸಾಯ ಕಲಿಯುವ ಮುಂಚೆ ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನಿ, ಬೊಜ್ಜು ಕರಗುತ್ತದೆ ಎಂದು ಬರೆದಿತ್ತು. ಮಾಂಸ, ಮೀನು, ಮೊಟ್ಟೆ, ಸೊಪ್ಪು, ಗೆಡ್ಡೆ, ಹಣ್ಣು. ರಾಗಿ, ಅಕ್ಕಿ, ಕಾಳು, ಹಾಲು, ಬೆಲ್ಲ ಬಂದ್. (ಬೇಸಾಯವೇ ತಪ್ಪಾಯಿತು ಎಂದು ಬಾಬುರಾಯನಕೊಪ್ಪಲಿನ ರೈತನ ಮಗನಿಗೆ ಹೇಳುವ ಧೈರ್ಯ ನೋಡಿ!)

ಮನೆಯಲ್ಲಿ ಘೋಷಣೆ ಮಾಡಿದೆ. ಹೆಂಡತಿ ಪಾಂಡವಪುರದವಳು, ನೇರ ಮಾತು. "ಎರಡೆರಡು ಅಡುಗೆ ನನ್ ಕೈಲಾಗಲ್ಲ ಕಣ್ರೀ. ರಾತ್ರಿ ಊಟಕ್ಕೆ ಏನೇ ಮಾಡಿದ್ರೂ ಎಲ್ಲರೂ ಅದನ್ನೇ ತಿನ್ನಬೇಕು."

ಸರಿ, ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಇಡೀ ವಾರದ ರಾತ್ರಿಯೂಟ ಬರೆಯಲು ಕುಳಿತೆವು. ಮಂಗಳವಾರ ಮೊಟ್ಟೆ. ಬುಧವಾರ ಮೀನು. ಶನಿವಾರ ಕೋಳಿ ಎಂದು ಬರೆಯುವಷ್ಟರಲ್ಲಿ ಅವ್ವ, "ಶನಿವಾರವಾ? ಕರಿಘಟ್ಟದ ತಿಮ್ಮಪ್ಪ ಕಣ್ಣಿಗೆ ಕಾಣ್ತಾವ್ನೆ, ಒಲೆ ಮೇಲೆ ಕೋಳಿ ಇಕ್ತೀಯಾ?" ಎಂದಳು. ಹೊಡೆದು ಹಾಕಿ ಕೋಳಿಯನ್ನು ಶುಕ್ರವಾರಕ್ಕೆ ಬರೆದೆ. ಸೋಮವಾರ? ಅದು ಶಿವನ ವಾರ. ಅದೂ ಹೋಯಿತು. ಆದಿಮಾನವನಿಗೆ ವಾರಗಳ ಕಾಟ ಇರಲಿಲ್ಲ, ಪುಣ್ಯವಂತ. ಆ ಎರಡು ದಿನಕ್ಕೆ ಸೊಪ್ಪಿನ ಪಲ್ಯ, ಬೇಯಿಸಿದ ಮೂಲಂಗಿ, ಸೌತೆಕಾಯಿ.

"ಅವ್ವ, ನಿನಗೊಬ್ಬಳಿಗೆ ಮುದ್ದೆ ಮಾಡಿಸಲಾ?" ಎಂದು ಕೇಳಿದ್ದೆ. ಇದು ದಾಖಲೆಯಲ್ಲಿರಲಿ.

"ಬ್ಯಾಡ ಕಣ್ಲಾ. ಒಂಟಿ ಮುದ್ದೆ ಕಟ್ಬಾರ್ದು, ಮನೆಗೆ ಒಳ್ಳೇದಲ್ಲ. ನೀವು ಉಣ್ಣೋದ್ನೇ ನಾನೂ ಉಣ್ತೀನಿ ಬುಡು."

ನಮ್ಮ ಮನೆಯ ಪದ್ಧತಿ ಅದು. ಕಟ್ಟಿದರೆ ಎರಡಾದರೂ ಕಟ್ಟಬೇಕು. ನಾನೂ ಸುಮ್ಮನಾದೆ. ಮೂರು ವಾರದಲ್ಲಿ ಮೂರು ಕಿಲೋ ಇಳಿದೆ. ಪ್ಯಾಂಟು ಸಡಿಲವಾಯಿತು. ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಶಿಲಾಯುಗದ ಬಗ್ಗೆ ಭಾಷಣ ಬಿಗಿದೆ.

ಈಗ ಶುಕ್ರವಾರಕ್ಕೆ ಬನ್ನಿ. ಅವ್ವನ ಹಿಂದೆಯೇ ಹೋದೆ. ಜಯಮ್ಮನ ಅಡುಗೆಮನೆಯಲ್ಲಿ ಅವ್ವ ಮಣೆಯ ಮೇಲೆ ಕೂತಿದ್ದಳು. ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ. ಪಕ್ಕದಲ್ಲಿ ನಮ್ಮ ಮನೆಯ ಬಟ್ಟಲು, ಅದರ ತುಂಬ ನಮ್ಮ ಮನೆಯದೇ ಕೋಳಿ ಸಾರು. ತುಂಡಿಲ್ಲ, ಬರೀ ಸಾರು. ಮುರಿದು, ಅದ್ದಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು.

ನನ್ನನ್ನು ಕಂಡು ಅವ್ವನ ಕೈ ಅಲ್ಲೇ ನಿಂತಿತು. ಜಯಮ್ಮನೇ ಬಾಯಿ ಬಿಟ್ಟಳು. "ಏನ್ ಮಾಡಾದಪ್ಪ? ನಿಮ್ಮವ್ವನ ಬಾಯಾಗೆ ಮೂರೇ ಅಲ್ಲು. ನಿಮ್ ಮೂಲಂಗಿ, ಕೋಳಿ ಎಲ್ಲಾನೂವೆ ಅಗೀಬೇಕು. ಮುದ್ದೆಯಾದ್ರೆ ನುಂಗಬೋದು."

"ನಂಗ್ಯಾಕೆ ಹೇಳ್ಲಿಲ್ಲವ್ವ?"

"ನಿಮ್ಮಪ್ಪಂಗೆ ಬಂದಿದ್ದು ನಿಂಗೂ ಬಂದ್ಬುಟ್ಟಾತು ಅಂತ ಕಣ್ಲಾ. ಮನೇಲಿ ಮುದ್ದೆ ವಾಸ್ನೆ ಬಂದ್ರೆ ನೀನು ಬುಟ್ಟೀಯಾ? ಅದ್ಕೇ ಇಲ್ಲಿಗ್ ಬಂದೆ."

"ಈ ಬಟ್ಟಲು?"

"ಮುದ್ದೆ ಇಕ್ಕೋರ ಮನೆಗೆ ಬರಿಗೈಲಿ ಬರಕ್ಕಾಯ್ತದಾ?"

ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಎಲ್ಲ ಗೊತ್ತು! ಹೇಳಬಾರದೆಂದು ಅವ್ವ ಆಣೆ ಹಾಕಿಸಿಕೊಂಡಿದ್ದಳಂತೆ. ಮೂರು ವಾರ ಮನೆಯವರ ತಟ್ಟೆಗೆ ಬೀಳುವುದನ್ನೆಲ್ಲ ಪಟ್ಟಿ ಮಾಡಿದ ಮಹಾನುಭಾವ ನಾನು. ಯಾರ ಬಾಯಲ್ಲಿ ಎಷ್ಟು ಹಲ್ಲಿದೆ ಎಂದು ನೋಡಿರಲಿಲ್ಲ. ನಾನು ಉಂಡೆದ್ದ ಮೇಲೆ ಕೂರುವವಳು ಅವ್ವ. ತಿರುಗಿ ನೋಡುವ ಅಭ್ಯಾಸ ನನಗೆ ಯಾವತ್ತಿತ್ತು?

ಮಾರನೆಯ ದಿನ ಶನಿವಾರ. ಮುದ್ದೆ ಕೋಲು ಹಿಡಿದು ನಾನೇ ರಾಗಿ ಹಿಟ್ಟು ತಿರುವಿದೆ. ಪಾತ್ರೆ ಒಲೆಯಿಂದ ಜಾರಿತು, ಅಂಗೈಯಲ್ಲಿ ಬೊಬ್ಬೆ ಬಂತು. ಕೊನೆಗೆ ಹೆಂಡತಿ ನಗುತ್ತಾ ಎರಡು ಮುದ್ದೆ ಕಟ್ಟಿದಳು. ಒಂದು ಅವ್ವನಿಗೆ. ಇನ್ನೊಂದು ಯಾರ ತಟ್ಟೆಗೆ ಬಿತ್ತು ಎಂದು ಡಾಕ್ಟರು ಕೇಳದಿದ್ದರೆ ಸಾಕು.

ಆದರೂ ಒಂದು ಕುತೂಹಲ ಉಳಿದೇ ಇದೆ. ಆದಿಮಾನವ ಏನು ತಿನ್ನುತ್ತಿದ್ದ ಎಂದು ಆ ಮ್ಯಾಗಝೀನ್ ಆರು ಪುಟ ಬರೆದಿತ್ತು. ಅವನ ಹಲ್ಲಿಲ್ಲದ ಅವ್ವ ಏನು ತಿನ್ನುತ್ತಿದ್ದಳು?