ಸೊನ್ನೆ ಬರೆಯದ ಡಿಸ್ಕು

ಸ್ತಾರಾ ಝಗೋರಾ ಊರಿನ ನಮ್ಮ ಬೀದಿಯಲ್ಲಿ ವೆನೆತಾಳ ಮುಖ ಕಂಡವರು ಕಡಿಮೆ. ಅವಳ ಅಂಗಡಿ ಇರುವುದು ನೆಲಮಾಳಿಗೆಯಲ್ಲಿ, ಕಿಟಕಿ ಮಾತ್ರ ರಸ್ತೆಯ ಮಟ್ಟಕ್ಕಿದೆ. ಗಿರಾಕಿಗಳು ಕುಕ್ಕರಗಾಲಲ್ಲಿ ಕೂತು ಕೆಟ್ಟ ಹಾರ್ಡ್ ಡಿಸ್ಕನ್ನು ಒಳಗೆ ಚಾಚಬೇಕು. ಅವಳಿಗೂ ಜನ ಎಂದರೆ ಮೊಣಕಾಲು, ಬೂಟು, ಅಷ್ಟೆ. ಮೆಟ್ಟಿಲಿಳಿದು ಹೋಗಿ ಅವಳ ಜೊತೆ ಕಾಫಿ ಕುಡಿಯುತ್ತಿದ್ದವಳು ಪಕ್ಕದ ಗೂಡಂಗಡಿಯಲ್ಲಿ ಬೀಗದ ಕೈ ಮಾಡುವ ನಾನೊಬ್ಬಳೇ.

ಹರೆಯದಲ್ಲಿ ಅವಳು ಡಿಸ್ಕ್ ಕಾರ್ಖಾನೆಯಲ್ಲಿದ್ದಳು. ಆ ಕೆಲಸ ಹೋದ ಮೇಲೆ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಈ ರಿಪೇರಿಗೆ ಇಳಿದಳು. ಡಿಸ್ಕಿನಲ್ಲಿ ಓದಲಾಗದ ಚೂರು ಸಿಕ್ಕರೆ 'ಬ್ಲಾಕ್ ಸತ್ತಿದೆ' ಎನ್ನುವಳು. ಮೊದಲು ಅದು ಯಾವ ಫೈಲಿಗೆ ಸೇರಿದ್ದೆಂದು ಪತ್ತೆ ಮಾಡಿ, ಗಿರಾಕಿಯನ್ನು ಕೇಳಿ, ಆಮೇಲೆ ಆ ಜಾಗದ ಮೇಲೆ ಸೊನ್ನೆ ಬರೆಯುವಳು. ಹಾಗೆ ಬರೆದರೆ ಡಿಸ್ಕು ಕೆಟ್ಟ ಜಾಗವನ್ನು ಕೈಬಿಟ್ಟು, ತಾನೇ ಕಾದಿಟ್ಟ ಒಳ್ಳೆಯ ಜಾಗ ಹಿಡಿದು ಮತ್ತೆ ಸರಾಗ ನಡೆಯುತ್ತದೆ. ಅಲ್ಲಿ ಮೊದಲಿದ್ದದ್ದು ಮಾತ್ರ ಶಾಶ್ವತವಾಗಿ ಹೋಗುತ್ತದೆ.

"ಹೋಗಿದ್ದು ಹೋಯ್ತು, ಉಳಿದಿದ್ದು ತಗೊಂಡು ಮನೆಗೆ ಹೋಗಪ್ಪ," ಎಂದು ಕಿಟಕಿಯ ಮೊಣಕಾಲುಗಳಿಗೆ ಹೇಳುವಳು.

ತನ್ನದೇ ಒಂದು ಡಿಸ್ಕಿಗೆ ಮಾತ್ರ ಅವಳು ಸೊನ್ನೆ ಬರೆದಿರಲಿಲ್ಲ. ತೀರಿಹೋದ ಗಂಡ ದೋಬ್ರಿಯದೆಂದು ಉಳಿದ ಒಂದೇ ಒಂದು ವಿಡಿಯೊ ಅದರಲ್ಲಿತ್ತು. ದೋಬ್ರಿ ಮಹಾ ಹಟಮಾರಿ. ಗೋಡೆಗೆ ಬಣ್ಣ ಬೇಡ, ಬೆಕ್ಕು ಬೇಡ, ಸಮುದ್ರಕ್ಕೆ ಹೋಗುವುದೂ ಬೇಡ. ಹೂಂ ಅಂದದ್ದನ್ನು ನಾನಂತೂ ಕೇಳಿಲ್ಲ. ವಿಡಿಯೊದಲ್ಲಿ ಬಾಲ್ಕನಿಯಲ್ಲಿ ಕೂತು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಾ ತಲೆ ಎತ್ತುತ್ತಾನೆ. ಅಲ್ಲಿಗೆ ನಿಂತುಬಿಡುತ್ತದೆ, ಸತ್ತ ಬ್ಲಾಕು ಅಲ್ಲೇ ಇತ್ತು. ಅಲ್ಲಿ ಅವನು 'ವೆನೆ' ಎಂದು ತನ್ನನ್ನು ಕರೆದಿದ್ದಾನೆಂದು ಅವಳ ನಂಬಿಕೆ. ಇಂದಾದರೂ ಓದೀತೆಂದು ದಿನವೂ ಡಿಸ್ಕನ್ನು ತಣ್ಣಗೆ ಮಾಡಿ, ಮಗ್ಗುಲು ತಿರುಗಿಸಿ ನೋಡುತ್ತಿದ್ದಳು.

"ಆ ಜಾಗ ದಾಟಿಸಿ ಮುಂದಿಂದು ನೋಡೋಕಾಗಲ್ವೇನೆ?" ಎಂದು ಒಮ್ಮೆ ಕೇಳಿದೆ.

"ಆಗತ್ತೆ. ದಾಟಿದ್ರೆ ಬಿಟ್ಟುಕೊಟ್ಟ ಹಾಗೆ," ಎಂದಳು.

ಈ ಸಲ ಮೆಣಸಿನಕಾಯಿಯ ಕಾಲಕ್ಕೆ ಡಿಸ್ಕು ಕಟಕಟ ಅನ್ನತೊಡಗಿತು. ಸತ್ತ ಬ್ಲಾಕುಗಳು ಹೆಚ್ಚುತ್ತಿದ್ದವು. ಇನ್ನೂ ಕೆದಕಿದರೆ ವಿಡಿಯೊ ಪೂರ್ತಿ ಕೈತಪ್ಪುತ್ತಿತ್ತು. ನನಗೆ ರೇಗಿಹೋಯಿತು.

"ದೋಬ್ರಿದೇ ಹಟ ಅಂದ್ಕೊಂಡಿದ್ದೆ, ನಿಂದು ಅವನಪ್ಪನಂಥದ್ದು. ಊರಿಗೆಲ್ಲ ಹೇಳ್ತೀಯಲ್ಲ, ಹೋಗಿದ್ದು ಹೋಯ್ತು ಅಂತ. ನಿನಗ್ಯಾರು ಹೇಳ್ಬೇಕು?"

"ನೀನೇ ಹೇಳಿದ್ಯಲ್ಲ."

ಸೊನ್ನೆ ಬರೆಯುವ ಆಜ್ಞೆ ಟೈಪು ಮಾಡಿ, ಒಂದೊಂದೇ ಅಕ್ಷರವನ್ನು ಎರಡೆರಡು ಸಲ ಓದಿಕೊಂಡಳು. ಕೊನೆಗೆ ಬೆರಳು ಒತ್ತಿ ಸೊನ್ನೆ ಬರೆದಳು. ವಿಡಿಯೊವನ್ನು ಹೊಸ ಡಿಸ್ಕಿಗೆ ಇಳಿಸಿ ಹಚ್ಚಿದಳು.

ದೋಬ್ರಿ ತಲೆ ಎತ್ತಿದ. ಪರದೆಯ ತುಂಬ ಬೂದು ಚೌಕಗಳು, ಸದ್ದಿಲ್ಲ. ಚಿತ್ರ ಮರಳಿದಾಗ ನೇರ ನಮ್ಮ ಕಡೆಗೇ ನೋಡುತ್ತಾ ನಗುತ್ತಿದ್ದ.

"ಆಯ್ತು ಕಣೆ ವೆನೆ. ನೀನು ಕೇಳಿದ ಹಾಗೇ ಆಗ್ಲಿ," ಎಂದ.

ಕರೆದ ಹೆಸರು ಹಾಗೆಯೇ ಉಳಿದಿತ್ತು. ಅಳಿಸಿಹೋದದ್ದು ಕ್ಯಾಮರಾ ಹಿಡಿದು ಅವಳು ಅವನನ್ನು ಕೇಳಿದ ಮಾತು.

"ಒಪ್ಕೊಂಡ," ಎಂದು ವೆನೆತಾ ನನ್ನ ಕೈ ಹಿಡಿದುಕೊಂಡಳು. "ನೀನೂ ಕೇಳಿಸ್ಕೊಂಡ್ಯಲ್ಲ, ಒಪ್ಕೊಂಡ."

ಆಮೇಲೆ ಅವಳ ಮುಖ ಇಳಿಯಿತು. ಬೆಕ್ಕಿನ ವಿಷಯವೇನೋ ಎಂದೆ. ಸಮುದ್ರದ್ದೇನೋ ಎಂದೆ. ಮೇಲೆ ಕಿಟಕಿಯಲ್ಲಿ ಯಾರದೋ ಮೊಣಕಾಲು ಮಡಚಿ ಕೂತಿತು. ಅವಳು ಅತ್ತ ನೋಡಲಿಲ್ಲ.

"ನಾನು ಏನು ಕೇಳಿದ್ದೆನೋ," ಎಂದಳು. "ನಂಗೇ ನೆನಪಿಲ್ವಲ್ಲೇ."